ಮರದ ಗೂಡ್ಸ್ ಶೆಡ್ ಕಿಟ್: ಬಣ್ಣ ಮೊದಲು, ಅಂಟು ಆಮೇಲೆ

ಡಬ್ಬಿಯಲ್ಲಿದ್ದದ್ದು ಇಷ್ಟು: ಲೇಸರ್‌ನಲ್ಲಿ ಕತ್ತರಿಸಿದ ನಾಲ್ಕು ಗೋಡೆ, ಅಂಟುಬೆನ್ನಿನ ತೆಳು ಹಾಳೆಗಳಲ್ಲಿ ಕಿಟಕಿ ಬಾಗಿಲು, ಮಾಡಿಗೆ (ಚಾವಣಿಗೆ) ದಪ್ಪ ರಟ್ಟಿನ ಎರಡು ತುಂಡು, ಒಂದು ಕಟ್ಟು ಬಾಸ್‌ವುಡ್ ಎಂಬ ಮೆದು ಮರದ ಕಡ್ಡಿ, ಪುಟ್ಟ ಚೀಲದಲ್ಲಿ ಬಿಳಿಲೋಹದ ಪೀಪಾಯಿ ಪೆಟ್ಟಿಗೆಗಳು, ನಾಲ್ಕು ಪುಟದ ಸೂಚನೆ. ಮಾದರಿ ರೈಲಿನ ಎಚ್‌ಒ ಅಳತೆಯ, ಅಂದರೆ 1:87ರ, ಹಳೆಯ ಅಮೆರಿಕನ್ ಮಾದರಿಯ ಸಣ್ಣ ಗೂಡ್ಸ್ ಶೆಡ್. ನಿಜದ ಅಳತೆ 20 ಅಡಿಗೆ 40 ಅಡಿ. ಎಚ್‌ಒದಲ್ಲಿ ಒಂದು ಅಡಿಗೆ 3.5 ಮಿ.ಮೀ. ಆದ್ದರಿಂದ ಮೇಜಿನ ಮೇಲೆ ಅದು 70ಕ್ಕೆ 140 ಮಿ.ಮೀ. ಡಬ್ಬಿಯ ಮೇಲಿನ ಚಿತ್ರದಲ್ಲಿದ್ದಂತೆಯೇ ಕಟ್ಟುವ ಉದ್ದೇಶವಿರಲಿಲ್ಲ. ಚಿತ್ರದಲ್ಲಿ ಸರಕು ಇಳಿಸುವ ಜಗಲಿ ಗೋಡೆಯ ಒಂದು ತುದಿಯಲ್ಲಿ 60 ಮಿ.ಮೀ.ಗೆ ಮುಗಿಯುತ್ತದೆ, ನನ್ನ ಲೇಔಟ್‌ನಲ್ಲಿ (ಮಾದರಿ ರೈಲು ಓಡುವ ಮೇಜಿನ ಮೇಲಿನ ಹರವಿನಲ್ಲಿ) ಅದು ಹಳಿಯ ಕಡೆಗೆ ಗೋಡೆಯುದ್ದಕ್ಕೂ ಬೇಕಿತ್ತು. ಹಿಂಗೋಡೆಯ ಕಿಟಕಿಗಳಲ್ಲಿ ಒಂದು ಬೇಡವಾಗಿತ್ತು.

ಸೂಚನೆಯ ಕ್ರಮ ಹೀಗಿತ್ತು: ಗೋಡೆ ಜೋಡಿಸಿ, ಮಾಡು ಕೂರಿಸಿ, ಬಣ್ಣ ಹಚ್ಚಿ. ಪ್ಲಾಸ್ಟಿಕ್ ಕಿಟ್‌ಗೆ ಅದು ನಡೆಯುತ್ತದೆ. ಮರಕ್ಕೆ ನಡೆಯುವುದಿಲ್ಲ. ಅಂಟು ಬಿದ್ದ ಕಡೆ ಮರದ ರಂಧ್ರ ಮುಚ್ಚಿಹೋಗುತ್ತದೆ, ಆಮೇಲೆ ಹಚ್ಚಿದ ಸ್ಟೇನ್ (ಮರದೊಳಕ್ಕೆ ಇಂಗುವ ತೆಳು ಬಣ್ಣ) ಅಲ್ಲಿಗೆ ಇಳಿಯುವುದೇ ಇಲ್ಲ. ಮೂಲೆ ಮೂಲೆಯಲ್ಲಿ ಬಿಳಿಚಿಕೊಂಡ ಬೆರಳಚ್ಚುಗಳು ಉಳಿಯುತ್ತವೆ. ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅಂಟು ಒಳಗಿಳಿದಿರುತ್ತದೆ. ಹಾಗಾಗಿ ಕ್ರಮ ಬದಲಿಸಿದೆ: ಗೋಡೆಯ ತಿದ್ದುಪಡಿ, ಒಳಗಿನ ಆಧಾರಪಟ್ಟಿ, ಹಲಗೆಗೆ ಒರಟುತನ, ಸ್ಟೇನ್, ಬಣ್ಣ, ಕಿಟಕಿ, ಇಷ್ಟೆಲ್ಲ ಆದ ಮೇಲೆ ಜೋಡಣೆ.

ಬ್ಲೇಡ್ ಮುಟ್ಟುವ ಮುಂಚೆ ಗೋಡೆಗಳನ್ನು ನಕಲು ಯಂತ್ರದ ಮೇಲಿಟ್ಟು ಪ್ರತಿ ತೆಗೆದು, ರಟ್ಟಿಗೆ ಅಂಟಿಸಿ, ಟೇಪಿನಲ್ಲಿ ಒಂದು ಕಚ್ಚಾ ಕಟ್ಟಡ ಮಾಡಿದೆ. ನಕಲು ತೆಗೆದ ಕೂಡಲೇ ಸ್ಕೇಲ್ ಇಟ್ಟು ಅಳೆಯಬೇಕು. ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇದ್ದರೆ ಯಂತ್ರ ಸದ್ದಿಲ್ಲದೆ ಅಳತೆಯನ್ನು ಕುಗ್ಗಿಸಿರುತ್ತದೆ. ಈ ರಟ್ಟಿನ ಶೆಡ್ ಲೇಔಟ್ ಮೇಲೆ ಕೂತಾಗಲೇ ಎತ್ತರದ ತೊಂದರೆ ಕಂಡದ್ದು. ಪ್ಲೈವುಡ್ ಮೇಲೆ 5 ಮಿ.ಮೀ. ಕಾರ್ಕ್, ಅದರ ಮೇಲೆ ಸ್ಲೀಪರ್ ಸುಮಾರು 2, ಕೋಡ್ 83 ಹಳಿ (0.083 ಇಂಚು ಎತ್ತರದ್ದು) 2.1; ಅಂದರೆ ಹಳಿಯ ನೆತ್ತಿ ಪ್ಲೈವುಡ್‌ಗಿಂತ 9 ಮಿ.ಮೀ. ಮೇಲಿದೆ. ಹಳೆಯ 40 ಅಡಿ ಬಾಕ್ಸ್‌ಕಾರ್‌ನ (ಮುಚ್ಚಿದ ಸರಕು ಬೋಗಿಯ) ನೆಲ ಹಳಿಯಿಂದ ಮೂರೂವರೆ ಅಡಿಗಿಂತ ಸ್ವಲ್ಪ ಮೇಲೆ, ಎಚ್‌ಒದಲ್ಲಿ 13 ಮಿ.ಮೀ. ಆಸುಪಾಸು. ಜಗಲಿಯ ಮೇಲ್ಮೈ ಅದಕ್ಕೆ ಸರಿಹೊಂದಬೇಕಾದರೆ ಪ್ಲೈವುಡ್‌ನಿಂದ 22 ಮಿ.ಮೀ. ಎತ್ತರ ಬೇಕು. ಕಿಟ್‌ನಲ್ಲಿದ್ದದ್ದು 14. ಕಿಟ್ ತಯಾರಿಸಿದವರಿಗೆ ನಮ್ಮ ಕಾರ್ಕ್‌ನ ದಪ್ಪ ಗೊತ್ತಿರುವುದಿಲ್ಲ; ಅವರು ತಮ್ಮ ಕಟ್ಟಡದ ನೆಲದಿಂದ ಅಳೆಯುತ್ತಾರೆ, ನಾವು ಹಳಿಯಿಂದ ಅಳೆಯಬೇಕು. ಬೇಕಾದ 8 ಮಿ.ಮೀ.ಯಲ್ಲಿ ಐದನ್ನು ಇಡೀ ಕಟ್ಟಡದ ಅಡಿಗೆ ಹಾಸಿದ ಕಾರ್ಕ್ ಹಾಳೆಯಿಂದ, ಉಳಿದ ಮೂರನ್ನು ಗೋಡೆಯ ಅಡಿಯ ಕಲ್ಲಿನ ಪಾಯದಿಂದ ತುಂಬಿದೆ.

ಅಗಲದ ಲೆಕ್ಕ ಇನ್ನೂ ಬಿಗಿ. ಹತ್ತಡಿ ಅಗಲದ ಬೋಗಿ ಎಚ್‌ಒದಲ್ಲಿ 35 ಮಿ.ಮೀ., ಹಳಿಯ ನಡುವಿನಿಂದ 17.5. ನೇರ ಹಳಿಯಲ್ಲಿ ಜಗಲಿಯ ಅಂಚನ್ನು 22 ಮಿ.ಮೀ.ಗೆ ಇಟ್ಟರೆ ಬೋಗಿ ಸಲೀಸಾಗಿ ಹೋಗುತ್ತದೆ. ತಿರುವಿನ ಹತ್ತಿರ ಈ ಲೆಕ್ಕ ಸಾಲದು: ಉದ್ದ ಬೋಗಿಯ ನಡುಭಾಗ ತಿರುವಿನ ಒಳಕ್ಕೆ ಬಾಗುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎದ ಗೇಜ್ ತಗಡನ್ನು (ಅಳತೆ ತಗಡನ್ನು) ಹಳಿಯ ಮೇಲೆ ನಿಲ್ಲಿಸಿ ನೋಡುವುದು ಒಳ್ಳೆಯದು. ಇರುವುದರಲ್ಲೇ ಅತಿ ಉದ್ದದ ಬೋಗಿಯನ್ನು ಕೈಯಲ್ಲಿ ತಳ್ಳಿ ನೋಡುವುದು ಇನ್ನೂ ಒಳ್ಳೆಯದು. ರಟ್ಟಿನ ಮಾದರಿಗೆ ತಗುಲಿದರೆ ನಷ್ಟವೇನಿಲ್ಲ.

ಲೇಸರ್ ಕತ್ತರಿಸಿದ ಭಾಗಗಳು ಹಾಳೆಗೆ ಕೂದಲೆಳೆಯಷ್ಟು ಸಣ್ಣ ಕೊಂಡಿಗಳಲ್ಲಿ ಅಂಟಿಕೊಂಡಿರುತ್ತವೆ. ಬೆರಳಲ್ಲಿ ಒತ್ತಿ ಬಿಡಿಸಿದರೆ ಕೊಂಡಿಯ ಜೊತೆ ಗೋಡೆಯ ಎಳೆಯೂ ಸೀಳಿ ಬರುತ್ತದೆ. ಹೊಸ 11ನೇ ನಂಬರ್ ಬ್ಲೇಡಿನಿಂದ ಮುಂಭಾಗದ ಕಡೆಯಿಂದಲೇ ಕೊಯ್ಯಬೇಕು. ಅಂಚಿನ ಸುಟ್ಟ ಕಂದು ಬಣ್ಣವನ್ನು 400ರ ಉಪ್ಪುಕಾಗದದಿಂದ ಎರಡೇ ಸಲ ಎಳೆದು ತೆಗೆದೆ. ತಿಳಿ ಬಣ್ಣದ ಕಟ್ಟಡವಾದರೆ ಇದು ಬಿಡಲಾಗದ ಕೆಲಸ, ಕರಿ ಅಂಚು ಬಣ್ಣದಡಿಯಿಂದ ಇಣುಕುತ್ತದೆ. ಹೆಚ್ಚು ಉಜ್ಜಿದರೆ ಗೋಡೆಯಂಚಿನ ಹಲ್ಲು ಮತ್ತು ಅದು ಕೂರುವ ಕಚ್ಚಿನ ಹಿಡಿತ ಸಡಿಲವಾಗುತ್ತದೆ.

ಕಿಟಕಿ ಮುಚ್ಚುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭ. ಲೇಸರ್ ಕೊರೆದ ರಂಧ್ರದಿಂದ ಉದುರುವ ಚೌಕ ತುಂಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಬೇಕು. ಅದೇ ಗೋಡೆಯ ತುಂಡಾದ್ದರಿಂದ ಮತ್ತೆ ಅದೇ ಜಾಗಕ್ಕೆ ಕೂರಿಸಿದರೆ ಹಲಗೆಯ ಗೆರೆಗಳು ಒಂದಕ್ಕೊಂದು ತಪ್ಪದೆ ಸೇರುತ್ತವೆ. ಸುತ್ತ ಲೇಸರ್ ತಿಂದ ಸಣ್ಣ ಬಿರುಕು ಉಳಿಯುತ್ತದೆ. ಅದನ್ನು ಅಡಗಿಸಲು ಹೋಗಲಿಲ್ಲ. ಮೇಲೆ ಕಿಟಕಿಯ ಚೌಕಟ್ಟನ್ನೂ ಹಾಕಿ, ಒಳಗೆ ನಾಲ್ಕು ಹಲಗೆ ಅಡ್ಡ ಬಡಿದಂತೆ ಮಾಡಿದೆ. ಯಾವಾಗಲೋ ಮುಚ್ಚಿದ ಕಿಟಕಿಯಂತೆ ಕಾಣುತ್ತದೆ. ಗೋಡೆಯನ್ನೇ ಉದ್ದ ಮಾಡಬೇಕಾದವರು ನೇರವಾಗಿ ಒಂದು ಲಂಬ ಗೆರೆಯಲ್ಲಿ ಬೆಸೆಯಬಾರದು. ಬಾಗಿಲವಾಡದ ಅಡಿಗೆ ಬೆಸುಗೆ ಬರುವಂತೆ ನೋಡಿಕೊಳ್ಳಬೇಕು, ಇಲ್ಲವೇ ಎರಡು ಮೂರು ಹಲಗೆಗೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಬೇಕು. ಬಡಗಿ ಹಲಗೆ ಸೇರಿಸುವುದೂ ಹಾಗೆಯೇ.

ಇನ್ನು ಆಧಾರಪಟ್ಟಿ. ಮರದ ಗೋಡೆ ಸೊಟ್ಟಗಾಗುವುದಕ್ಕೆ ಕಾರಣ ಒಂದೇ: ಒಂದು ಮುಖ ದ್ರವ ಹೀರಿ ಹಿಗ್ಗುತ್ತದೆ, ಇನ್ನೊಂದು ಒಣಗಿದ್ದು ಹಾಗೇ ಇರುತ್ತದೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಎಳೆಗೆ ಅಡ್ಡಲಾಗಿ ಹೆಚ್ಚು. ಕ್ಲ್ಯಾಪ್‌ಬೋರ್ಡ್ ಗೋಡೆಯಲ್ಲಿ (ಅಡ್ಡ ಹಲಗೆಗಳನ್ನು ಒಂದರ ಮೇಲೊಂದು ಹೊದಿಸಿದಂಥದ್ದು) ಎಳೆ ಅಡ್ಡಡ್ಡ ಓಡುವುದರಿಂದ ಗೋಡೆ ಮೇಲಿಂದ ಕೆಳಕ್ಕೆ ಬಿಲ್ಲಾಗಿ ಬಾಗುತ್ತದೆ. ಆದ್ದರಿಂದ ಪಟ್ಟಿ ಲಂಬವಾಗಿಯೇ ಇರಬೇಕು. ಎಷ್ಟೋ ಜನ ಗೋಡೆಯ ಮೇಲಂಚು ಕೆಳಅಂಚಿಗೆ ಎರಡು ಉದ್ದ ಪಟ್ಟಿ ಅಂಟಿಸಿ, ಆದರೂ ಬಾಗಿತಲ್ಲ ಎಂದು ಗೊಣಗುತ್ತಾರೆ. ಎಳೆಗೆ ಸಮಾನಾಂತರ ಹೋಗುವ ಪಟ್ಟಿ ಈ ಬಾಗನ್ನು ತಡೆಯುವುದಿಲ್ಲ. 3 ಮಿ.ಮೀ. ಚೌಕದ ಕಡ್ಡಿಯನ್ನು ಉದ್ದ ಗೋಡೆಗೆ ನಾಲ್ಕು, ಅಡ್ಡ ಗೋಡೆಗೆ ಎರಡರಂತೆ ಹಳದಿ ಬಡಗಿ ಅಂಟಿನಲ್ಲಿ ಕೂರಿಸಿದೆ. ಕಿಟಕಿಯ ರಂಧ್ರದಿಂದ 2 ಮಿ.ಮೀ. ದೂರ, ಇಲ್ಲದಿದ್ದರೆ ಆಮೇಲೆ ಗಾಜಿಗೆ ಜಾಗವಿರುವುದಿಲ್ಲ. ಮೂಲೆಯ ಪಟ್ಟಿ ಅಂಚಿನಿಂದ ಪಕ್ಕದ ಗೋಡೆಯ ದಪ್ಪದಷ್ಟು, ಇಲ್ಲಿ 1.6 ಮಿ.ಮೀ., ಒಳಕ್ಕೆ. ಈ ಅಳತೆ ತಪ್ಪಿದರೆ ಮೂಲೆ ಕೂಡುವುದೇ ಇಲ್ಲ. ದಪ್ಪ ಗಾಜಿನ ಹಲಗೆಯಡಿ ರಾತ್ರಿಯಿಡೀ ಒತ್ತಿಟ್ಟೆ.

ಮರುದಿನ ಒರಟುತನ. ಹಿತ್ತಾಳೆ ತಂತಿಯ ಬ್ರಷ್‌ನಿಂದ ಎಳೆಯ ದಿಕ್ಕಿನಲ್ಲಿ ಮೆಲ್ಲಗೆ ಎಳೆಯುವುದು, ಎದ್ದ ನಾರನ್ನು 0000 ನಂಬರಿನ ಉಕ್ಕಿನ ಉಣ್ಣೆಯಿಂದ ಒರಸುವುದು. ಅಲ್ಲಲ್ಲಿ ಹಲಗೆಯ ಕೊನೆ ತೋರಲು ಲಂಬವಾಗಿ ಸಣ್ಣ ಗೀರು. ನಿಜದ ಹಲಗೆ 12ರಿಂದ 16 ಅಡಿ ಎಂದುಕೊಂಡರೆ ಗೀರುಗಳ ನಡುವೆ 42ರಿಂದ 56 ಮಿ.ಮೀ. ಆರೇಳು ಕಡೆ ಬ್ಲೇಡಿನ ತುದಿಯನ್ನು ಹಲಗೆಯ ಅಡಿಗೆ ತೂರಿ ಕೂದಲೆಳೆಯಷ್ಟು ಮೇಲೆತ್ತಿದೆ, ಮೊಳೆ ಸಡಿಲಾದ ಹಾಗೆ. ಆರೇಳು ಸಾಕು. ಮೊಳೆಯ ಗುರುತಿಗೆ ಹಲ್ಲುಚಕ್ರ ಉರುಳಿಸುವ ರೂಢಿಯಿದೆ. ನನಗೆ ಅದು ಅಷ್ಟಾಗಿ ಹಿಡಿಸದು. ಚಕ್ರ ಮಾಡುವ 0.2 ಮಿ.ಮೀ. ತೂತು 87 ಪಟ್ಟು ಹಿಗ್ಗಿದರೆ 17 ಮಿ.ಮೀ. ಆಗುತ್ತದೆ, ಅಷ್ಟು ದೊಡ್ಡ ತಲೆಯ ಮೊಳೆಯನ್ನು ಯಾವ ಬಡಗಿ ಗೋಡೆಗೆ ಹೊಡೆಯುತ್ತಾನೆ? ಮಾಡಲೇಬೇಕೆಂದರೆ ಒಳಗಂಬ ಬರುವ ಜಾಗದಲ್ಲಿ ಮಾತ್ರ, 24 ಇಂಚಿಗೊಂದು ಅಂದರೆ 7 ಮಿ.ಮೀ.ಗೆ ಒಂದು ಸಾಲು.

ಸ್ಟೇನ್ ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಂಡಿಯನ್ ಇಂಕ್. ಅರ್ಧ ಲೀಟರ್‌ಗೆ 10 ಮಿ.ಲೀ. ಇಂಕ್ ನನ್ನ ನಡುವಿನ ಹದ. ಅದಲ್ಲದೆ ಅರ್ಧದಷ್ಟು ಇಂಕಿನದೊಂದು, ದುಪ್ಪಟ್ಟಿನದೊಂದು ಸೀಸೆ. ಆಲ್ಕೊಹಾಲ್ 70 ಶೇಕಡಾದ್ದೇ ಇರಲಿ. 99ರದ್ದರಲ್ಲಿ ಕೆಲವು ಇಂಕುಗಳು ಹಾಲೊಡೆದಂತೆ ಒಡೆದು ಕಪ್ಪು ಚೂರುಗಳಾಗುತ್ತವೆ. ನೀರಿನ ಸ್ಟೇನ್‌ಗಿಂತ ಇದರಲ್ಲಿ ನಾರು ಏಳುವುದು ಕಡಿಮೆ, ಒಣಗುವುದು ಬೇಗ. ಗೋಡೆಯ ಎರಡೂ ಮುಖಕ್ಕೆ ಒಂದೇ ಹೊತ್ತಿಗೆ ಹಚ್ಚಿದೆ, ಬಾಗಬಾರದೆಂದು. ಒದ್ದೆಯಿದ್ದಾಗ ಕಪ್ಪಾಗಿ ಕಾಣುವುದು ಒಣಗಿದ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಒದ್ದೆಯಲ್ಲಿ ನೋಡಿ ತೀರ್ಮಾನಿಸಬಾರದು. ಗಾಢ ಸೀಸೆಯಿಂದ ಒಮ್ಮೆ ಹಚ್ಚುವುದಕ್ಕಿಂತ ತೆಳುವಿನಿಂದ ಮೂರು ಸಲ ಹಚ್ಚುವುದು ಕೈಗೆ ಸಿಗುವ ಕೆಲಸ. ಕಡ್ಡಿಗಳನ್ನು ಮೂರು ಪಾಲು ಮಾಡಿ ಮೂರು ಸೀಸೆಗೂ ಅದ್ದಿ ತೆಗೆದೆ; ಕೆಲವಕ್ಕೆ ಚರ್ಮಕ್ಕೆ ಹಾಕುವ ಆಲ್ಕೊಹಾಲ್ ಆಧಾರದ ಕಂದು ಬಣ್ಣ ನಾಲ್ಕು ಹನಿ.

ಒಂದು ರಾತ್ರಿ ಒಣಗಿದ ಮೇಲೆ ಸುಲಿದುಹೋದ ಬಣ್ಣದ ಕೆಲಸ. ಇಡೀ ಕಟ್ಟಡದಲ್ಲಿ ತಾಳ್ಮೆ ಬೇಡುವುದು ಇದೊಂದೇ, ಕೆಡುವುದೂ ಇಲ್ಲೇ. ಗೋಡೆಗೆ ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ (ಟರ್ಪೆಂಟೈನ್‌ನಂಥ ದ್ರಾವಕ) ತೆಳುವಾಗಿ ಬಳಿದು, ಒದ್ದೆಯ ಹೊಳಪು ಆರುವವರೆಗೆ, ಸುಮಾರು ಅರ್ಧ ನಿಮಿಷ, ಕಾದೆ. ತಕ್ಷಣ ಅಕ್ರಿಲಿಕ್ ಬಣ್ಣವನ್ನು ನೀರು ಬೆರೆಸದೆ ಚಪ್ಪಟೆ ಬ್ರಷ್‌ನಿಂದ ತೆಳುವಾಗಿ ಎಳೆದೆ. ಅಡಿಯಲ್ಲಿ ಎಣ್ಣೆಯಂಥ ಪದರ ಇರುವುದರಿಂದ ಬಣ್ಣ ಮರಕ್ಕೆ ಪೂರ್ತಿ ಕಚ್ಚುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಬೆರಳಿಗೆ ಅಂಟದಷ್ಟು ಒಣಗುತ್ತದೆ. ಆಗ ಮಾಸ್ಕಿಂಗ್ ಟೇಪ್ ಒತ್ತಿ ಎಬ್ಬಿಸಿದರೆ ಚಕ್ಕೆ ಚಕ್ಕೆಯಾಗಿ ಎದ್ದು, ಅಡಿಯ ಬೂದು ಮರ ಕಾಣುತ್ತದೆ. ಬೇಗ ಎಬ್ಬಿಸಿದರೆ ಬಣ್ಣ ಮುದ್ದೆಯಾಗಿ ಹೊರಳುತ್ತದೆ. ಎರಡು ಗಂಟೆ ಬಿಟ್ಟರೆ ಏನೂ ಏಳುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ಗೋಡೆ. ಟೇಪನ್ನು ಮೊದಲು ಅಂಗೈ ಹಿಂಬದಿಗೆ ಎರಡು ಸಲ ಒತ್ತಿ ಅಂಟು ತಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಕೈಯಷ್ಟಗಲ ಬಣ್ಣ ಒಮ್ಮೆಗೇ ಕಿತ್ತುಬರುತ್ತದೆ. ಎಲ್ಲಿ ಸುಲಿಯಬೇಕು ಎನ್ನುವುದಕ್ಕೂ ನ್ಯಾಯ ಇದೆ: ಸೂರಿನ ಅಡಿಯಲ್ಲಿ ಬಣ್ಣ ಉಳಿದಿರುತ್ತದೆ, ನೆಲದ ಹತ್ತಿರ ಮಳೆನೀರು ಚಿಮ್ಮುವ ಕಡೆ ಮತ್ತು ಬಿಸಿಲ ಕಡೆಯ ಗೋಡೆಯಲ್ಲಿ ಹೋಗಿರುತ್ತದೆ. ನಾಲ್ಕೂ ಗೋಡೆಯನ್ನು ಒಂದೇ ಸಮ ಸುಲಿದರೆ ಚಿರತೆಯ ಚರ್ಮದಂತಾಗುತ್ತದೆ. ಕೋಣೆಯ ಕಿಟಕಿ ತೆರೆದಿಟ್ಟೇ ಈ ಕೆಲಸ ಮಾಡಬೇಕು.

ಕಿಟಕಿ ಬಾಗಿಲುಗಳನ್ನು ಹಾಳೆಯಲ್ಲಿರುವಾಗಲೇ ಬಣ್ಣ ಮಾಡಬೇಕು. ಹಾಳೆಯ ಅಂಚನ್ನು ಹಲಗೆಗೆ ಟೇಪ್ ಹಾಕಿ ಬಿಗಿದರೆ ಸುರುಳಿಯಾಗದು. ಹೊರಚೌಕಟ್ಟು, ಮೇಲಿನ ಕದ, ಅದರ ಹಿಂದೆ ಕೆಳಗಿನ ಕದ, ಕೊನೆಗೆ ಗಾಜು. ಒಂದು ಕಿಟಕಿಯ ಕೆಳಕದವನ್ನು ಅರ್ಧ ಮೇಲೇರಿಸಿ ಅಂಟಿಸಿದೆ, ಅಷ್ಟರಿಂದಲೇ ಗೋಡೆಗೆ ಜೀವ ಬರುತ್ತದೆ. ಹಳೆಯ ದಾಸ್ತಾನಿನ ಕಿಟ್‌ಗಳಲ್ಲಿ ಅಂಟುಬೆನ್ನು ಒಣಗಿರುತ್ತದೆ, ಮೊದಲ ದಿನ ಹಿಡಿದು ತಿಂಗಳಲ್ಲಿ ಉದುರುತ್ತದೆ. ನಾಲ್ಕು ಮೂಲೆಗೆ ಕ್ಯಾನಪಿ ಗ್ಲೂ (ಒಣಗಿದರೆ ಪಾರದರ್ಶಕವಾಗುವ ಅಂಟು) ಚುಕ್ಕೆಯಿಡುವುದು ಕ್ಷೇಮ. ಗಾಜಿನ ಹತ್ತಿರ ಸೂಪರ್ ಗ್ಲೂ ತರಲೇಬಾರದು. ಅದರ ಹಬೆ ಪಾರದರ್ಶಕ ಹಾಳೆಗೆ ಬಿಳಿ ಮಂಜು ಕೂರಿಸುತ್ತದೆ, ಒರಸಿದರೂ ಹೋಗುವುದಿಲ್ಲ.

ಜೋಡಣೆಯ ಹೊತ್ತಿಗೆ ಕಷ್ಟದ್ದೆಲ್ಲ ಮುಗಿದಿರುತ್ತದೆ. ಒಂದು ಉದ್ದ, ಒಂದು ಅಡ್ಡ ಗೋಡೆ ಸೇರಿಸಿ ಎಲ್ ಆಕಾರ; ಅಂಥ ಎರಡು. ಉಕ್ಕಿನ ಮೂಲೆಮಟ್ಟ ಒಳಗಿಟ್ಟು ಅರ್ಧ ಗಂಟೆ ಒತ್ತಿಹಿಡಿದು, ಆಮೇಲೆ ಎರಡು ಎಲ್ ಸೇರಿಸಿದೆ. ಕರ್ಣಗಳೆರಡೂ ಸಮವಿದ್ದರೆ ಚೌಕ ಸರಿ; ಒಂದು ಮಿ.ಮೀ. ವ್ಯತ್ಯಾಸವಿದ್ದರೂ ಅದು ಮಾಡಿನ ನೆತ್ತಿಯಲ್ಲಿ ಬಿರುಕಾಗಿ ಕಾಣುತ್ತದೆ. ಕಚ್ಚಿನೊಳಗೆ ಹೋಗುವ ಹಲ್ಲುಗಳಿಗೆ ಬಣ್ಣ ಬಿದ್ದಿದ್ದರೆ ಕೆರೆದು ತೆಗೆಯಬೇಕು, ಬಣ್ಣದ ದಪ್ಪಕ್ಕೇ ಅವು ಕೂರುವುದಿಲ್ಲ.

ಜಗಲಿ ಪೂರ್ತಿ ಹೊಸದು. ಉದ್ದ 140, ಅಗಲ 28 ಮಿ.ಮೀ., ಅಂದರೆ ಎಂಟಡಿ. ಪ್ರತಿ 28 ಮಿ.ಮೀ.ಗೆ ಒಂದರಂತೆ ಆರು ಆಧಾರ ಚೌಕಟ್ಟು, ಒಂದೊಂದಕ್ಕೆ 3.5 ಮಿ.ಮೀ. ಚೌಕದ ಎರಡು ಗಿಡ್ಡ ಕಂಬ, ಮೇಲೊಂದು ಅದೇ ದಪ್ಪದ ಅಡ್ಡತೊಲೆ. ಅದರ ಮೇಲೆ 3.5 ಮಿ.ಮೀ. ಎತ್ತರದ ಮೂರು ಉದ್ದ ತೊಲೆ, ಅದರ ಮೇಲೆ 0.6 ಮಿ.ಮೀ. ದಪ್ಪದ ಹಲಗೆ. ಒಟ್ಟು 22ರಲ್ಲಿ ಇವನ್ನೂ ಕಾರ್ಕ್‌ನ ಐದನ್ನೂ ಕಳೆದರೆ ಕಂಬಕ್ಕೆ ಉಳಿಯುವುದು 9.4 ಮಿ.ಮೀ. ಹನ್ನೆರಡು ಕಂಬವನ್ನೂ ತಡೆಪಟ್ಟಿ ಇಟ್ಟು ಒಂದೇ ಅಳತೆಗೆ ಕತ್ತರಿಸಿದೆ. ಬ್ಲೇಡ್ ಬೆಣೆಯಾಕಾರದ್ದಾದ್ದರಿಂದ ದಪ್ಪ ಕಡ್ಡಿಯ ತುದಿ ಓರೆಯಾಗುತ್ತದೆ. ಕಂಬಗಳಿಗೆ ಸಣ್ಣಹಲ್ಲಿನ ಗರಗಸವೇ ಸರಿ, ಬ್ಲೇಡ್ ಹಲಗೆಗೆ ಮಾತ್ರ. ನಕ್ಷೆಯನ್ನು ಮೇಣದ ಕಾಗದದಡಿ ಇಟ್ಟು ಅದರ ಮೇಲೇ ಚೌಕಟ್ಟು ಜೋಡಿಸಿದರೆ ಆರೂ ಒಂದೇ ತರಹ ಬರುತ್ತವೆ. 10 ಇಂಚಿನ ಹಲಗೆ ಎಂದರೆ 2.9 ಮಿ.ಮೀ.; 140ಕ್ಕೆ 48 ಬೇಕು, 55 ಕತ್ತರಿಸಿದೆ. ಕಿಟ್‌ನ ಕಡ್ಡಿ 60 ಮಿ.ಮೀ. ಜಗಲಿಗೆ ಮಾತ್ರ ಸಾಲುತ್ತಿತ್ತು, ಉಳಿದದ್ದು ಬೇರೆ ತರಿಸಬೇಕಾಯಿತು. ಮೂರು ಛಾಯೆಯವನ್ನು ಕಲಸಿ, ಕಣ್ಣಿಗೆ ಬಿದ್ದದ್ದನ್ನು ಎತ್ತಿ ಅಂಟಿಸುತ್ತಾ ಹೋದೆ. ಎರಡು ಹಲಗೆಯ ತುದಿ ಮುರಿದು, ಹೊಸದಾಗಿ ಹಾಕಿದಂತೆ ಒಂದನ್ನು ಸ್ಟೇನ್ ಇಲ್ಲದೆ ಬಿಟ್ಟೆ. ಹೊರಅಂಚನ್ನು ಎಲ್ಲ ಅಂಟಿದ ಮೇಲೆ ಸ್ಕೇಲ್ ಇಟ್ಟು ಒಂದೇ ಸಲ ಸವರಿದರೆ ನೇರ ಬರುತ್ತದೆ.

ಮಾಡಿಗೆ ಟಾರು ಕಾಗದ. ನಿಜವಾದ ರೂಫಿಂಗ್ ಸುರುಳಿ 36 ಇಂಚು ಅಗಲ, 36 ಅಡಿ ಉದ್ದ, ಎಚ್‌ಒದಲ್ಲಿ 10.5ಕ್ಕೆ 126 ಮಿ.ಮೀ. ಸೂರು ಸೇರಿ ಮಾಡಿನ ಉದ್ದ 150 ಇರುವುದರಿಂದ ಪ್ರತಿ ಸಾಲಿನಲ್ಲಿ ಒಂದು ಜೋಡಣೆ ಬರಲೇಬೇಕು, ಅದು ಸಾಲಿನಿಂದ ಸಾಲಿಗೆ ಜಾಗ ಬದಲಿಸಬೇಕು. ಕಪ್ಪು ಕ್ರಾಫ್ಟ್ ಕಾಗದವನ್ನು ಪಟ್ಟಿ ಕತ್ತರಿಸಿ, ಸೂರಿನಿಂದ ಮೇಲಕ್ಕೆ, 1 ಮಿ.ಮೀ. ಮೇಲೆ ಬೀಳುವಂತೆ ಹೊದಿಸಿದೆ, 48 ಮಿ.ಮೀ. ಇಳಿಜಾರಿಗೆ ಐದು ಪಟ್ಟಿ, ನೆತ್ತಿಗೆ ಇನ್ನೊಂದು. ನೀರಂಟು ಬಳಸಿದರೆ ಕಾಗದ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ, ಎರಡು ಬದಿಯ ಅಂಟುಹಾಳೆ ಉತ್ತಮ. ಅಚ್ಚ ಕಪ್ಪು ಮಾಡು ಲೇಔಟ್‌ನ ಬೆಳಕಿನಲ್ಲಿ ತೂತಿನಂತೆ ಕಾಣುತ್ತದೆ. ಬೂದು ಬಣ್ಣದ ಪ್ಯಾಸ್ಟೆಲ್ ಪುಡಿ ಉಜ್ಜಿ ಇಳಿಸಿದೆ. ಸೂರಿನ ಕೆಳಗೆ 7 ಮಿ.ಮೀ.ಗೊಂದರಂತೆ ಪಕಾಸಿಯ ತುದಿಗಳು. ಮಾಡನ್ನು ಅಂಟಿಸಲಿಲ್ಲ, ಒಳಗಿನ ದೀಪಕ್ಕೆ ಕೈ ಹೋಗಬೇಕು.

ಪುಡಿ ನಿಲ್ಲಲೆಂದು ಮ್ಯಾಟ್ ವಾರ್ನಿಷ್ ಸಿಂಪಡಿಸಿದ ಮೇಲೆ ಆಲ್ಕೊಹಾಲ್ ಸ್ಟೇನ್ ಮುಟ್ಟಿಸಿದರೆ ಬಿಳಿ ಹೊಗೆಯಂಥ ಪದರ ಏಳುತ್ತದೆ. ಗಾಬರಿಯಾಗಬೇಕಿಲ್ಲ, ಇನ್ನೊಮ್ಮೆ ಮ್ಯಾಟ್ ಸಿಂಪಡಿಸಿದರೆ ಮಾಯ. ಗಾಜು ಕೂರಿಸಿದ ಮೇಲೆ ಮಾತ್ರ ಸಿಂಪಡಿಸುವಂತಿಲ್ಲ, ಗಾಜೂ ಮ್ಯಾಟ್ ಆಗಿಬಿಡುತ್ತದೆ. ಬಿಳಿಲೋಹದ ಪೀಪಾಯಿಗಳನ್ನು ಅರದಿಂದ ಅಂಚು ತೆಗೆದು, ಸೋಪುನೀರಲ್ಲಿ ತೊಳೆದು, ಪ್ರೈಮರ್ ಹಾಕಿದೆ. ಹಳೆಯ ಅಚ್ಚುಗಳಲ್ಲಿ ಸೀಸ ಇರಬಹುದಾದ್ದರಿಂದ ಕೈ ತೊಳೆಯುವುದು ಕಡ್ಡಾಯ. ಚೀಲದಲ್ಲಿ ಹದಿನಾಲ್ಕು ಇದ್ದವು, ಜಗಲಿಯ ಮೇಲೆ ಐದು ಇಟ್ಟೆ. ಸರಕು ಎಳೆಯಲು ಆಳಿಗೆ ದಾರಿ ಬೇಡವೆ!

ಒಳಗಿನ ಮುಖಕ್ಕೆ ಕಪ್ಪು ಬಣ್ಣ ಬಳಿಯದಿದ್ದರೆ ದೀಪ ಹಚ್ಚಿದಾಗ ಹಲಗೆಯ ಸಂದಿನಲ್ಲೆಲ್ಲ ಬೆಳಕು ಸೋರುತ್ತದೆ. 12 ವೋಲ್ಟ್‌ಗೆ ಒಂದು ಬೆಚ್ಚನೆ ಬಿಳಿಯ ಎಲ್‌ಇಡಿ. 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ 9 ಮಿಲಿ ಆಂಪಿಯರ್ ಹರಿದು ಗೋದಾಮು ಮದುವೆಮನೆಯಂತೆ ಬೆಳಗುತ್ತದೆ. 4.7 ಕಿಲೋ ಓಮ್ ಹಾಕಿದಾಗ ಲಾಂದ್ರದ ಹದ ಬಂತು. ಕೊನೆಗೆ ಪಾಯದ ಸುತ್ತ ಮಣ್ಣು ತುಂಬುವ ಮುನ್ನ ಶೆಡ್ಡನ್ನು ಅಂಟಿಲ್ಲದೆ ಇಟ್ಟು, ಉದ್ದದ ಬೋಗಿಯನ್ನು ಎರಡೂ ದಿಕ್ಕಿಗೆ ಓಡಿಸಿದೆ. ತಿರುವಿನ ಕಡೆಯ ಜಗಲಿ ಮೂಲೆಗೂ ಬೋಗಿಗೂ ನಡುವೆ ಒಂದು ಮಿ.ಮೀ.ಗಿಂತ ಕಡಿಮೆ ಜಾಗ. ಕಾರ್ಕ್ ಹಾಳೆ ಸಮೇತ ಕಟ್ಟಡವನ್ನು ಎರಡು ಮಿ.ಮೀ. ಹಿಂದಕ್ಕೆ ಸರಿಸಿ, ಮತ್ತೊಮ್ಮೆ ಓಡಿಸಿ ನೋಡಿ, ಆಮೇಲೆ ಮಣ್ಣು ಹಾಕಿದೆ.